‘ಮಾಸ್ಕ್ ಇಲ್ಲದೆ ನಾನು ಆಡಲ್ಲ!’

1959ರ ನವೆಂಬರ್ 1. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ನ್ಯಾಷನಲ್ ಹಾಕಿ ಲೀಗ್‌ನ ಐಸ್ ಹಾಕಿ ಪಂದ್ಯ. ಒಂದು ಕಡೆ ನ್ಯೂಯಾರ್ಕ್ ರೇಂಜರ್ಸ್, ಇನ್ನೊಂದು ಕಡೆ ಕೆನಡಾದ ಮಾಂಟ್ರಿಯಲ್ ತಂಡ. ಆಟ ಶುರುವಾಗಿ ಕೆಲವೇ ನಿಮಿಷ. ರೇಂಜರ್ಸ್‌ನ ಆಂಡಿ ಬಾತ್‌ಗೇಟ್ ಹೊಡೆದ ಪಕ್ ನೇರವಾಗಿ ಹೋಗಿ ಮಾಂಟ್ರಿಯಲ್ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಮುಖಕ್ಕೆ ಬಡಿಯಿತು. ಮಂಜುಗಡ್ಡೆಯ ಮೇಲೆ ರಕ್ತ.

ಪಕ್ ಅಂದ್ರೆ ಏನು ಗೊತ್ತಾ? ಗಟ್ಟಿ ರಬ್ಬರ್‌ನ ಬಿಲ್ಲೆ. ತೂಕ ಸುಮಾರು 170 ಗ್ರಾಂ, ಹೆಚ್ಚು ಕಡಿಮೆ ನಮ್ಮ ಕ್ರಿಕೆಟ್ ಚೆಂಡಿನಷ್ಟೇ. ಪುಟಿಯಬಾರದು ಅಂತ ಆಟಕ್ಕೆ ಮುಂಚೆ ಅದನ್ನು ಫ್ರೀಜ್ ಮಾಡ್ತಾರೆ. ಇಂಜಿನಿಯರಿಂಗ್ ಓದಿದ ನನಗೆ ಲೆಕ್ಕ ಹಾಕದೆ ಇರೋಕಾಗಲ್ಲ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬರುವ ಪಕ್‌ನಲ್ಲಿ ಇರೋ ಶಕ್ತಿ, ಹದಿನೇಳು ಕೆಜಿಯ ಮೂಟೆ ಒಂದು ಮೀಟರ್ ಎತ್ತರದಿಂದ ಬಿದ್ದಾಗ ಇರುವಷ್ಟು. ಅದು ಅಂಗೈಯಗಲದ ಬಿಲ್ಲೆಯಲ್ಲಿ. ಅದರ ಮುಂದೆ ಆ ಕಾಲದ ಗೋಲ್‌ಕೀಪರ್‌ಗಳು ಬರಿ ಮುಖದಲ್ಲಿ ನಿಲ್ಲುತ್ತಿದ್ದರು!

ಪ್ಲಾಂಟ್ ಡ್ರೆಸ್ಸಿಂಗ್ ರೂಮಿಗೆ ಹೋದರು. ಹೊಲಿಗೆ ಹಾಕಿಸಿಕೊಂಡರು. ಕೋಚ್ ಟೋ ಬ್ಲೇಕ್ ‘ಬಾ, ಆಡು’ ಅಂದಾಗ ಅವರ ಷರತ್ತು ಒಂದೇ: ಮಾಸ್ಕ್ ಇಲ್ಲದೆ ನಾನು ಆಡಲ್ಲ.

ಆ ಮಾಸ್ಕ್ ಅವತ್ತು ಆಕಾಶದಿಂದ ಇಳಿದಿದ್ದಲ್ಲ. ಬಿಲ್ ಬರ್ಚ್‌ಮೋರ್ ಎಂಬುವರು ಫೈಬರ್‌ಗ್ಲಾಸ್‌ನಲ್ಲಿ ಪ್ಲಾಂಟ್ ಮುಖಕ್ಕೆ ಸರಿಯಾಗಿ ಅಚ್ಚು ಹಾಕಿ ಮಾಡಿಕೊಟ್ಟಿದ್ದರು. ಅಭ್ಯಾಸದಲ್ಲಿ ಅವರು ಮಾಸ್ಕ್ ಹಾಕಿಕೊಳ್ಳುತ್ತಲೇ ಇದ್ದರು. ಪಂದ್ಯದಲ್ಲಿ ಮಾತ್ರ ಬ್ಲೇಕ್ ಒಪ್ಪುತ್ತಿರಲಿಲ್ಲ. ಕಾಲ ಬುಡಕ್ಕೆ ಬಂದ ಪಕ್ ಕಾಣಲ್ಲ ಅನ್ನೋದು ಅವರ ವಾದ. ಈ ಭಯಕ್ಕೆ ಆಧಾರವೂ ಇತ್ತು. 1930ರಲ್ಲೇ ಕ್ಲಿಂಟ್ ಬೆನೆಡಿಕ್ಟ್ ಎಂಬ ಗೋಲ್‌ಕೀಪರ್ ಚರ್ಮದ ಮಾಸ್ಕ್ ಹಾಕಿ, ಕಣ್ಣಿಗೆ ಅಡ್ಡ ಬರುತ್ತೆ ಅಂತ ಕೆಲವೇ ಪಂದ್ಯಗಳಲ್ಲಿ ಬಿಟ್ಟಿದ್ದರು. ಅದರ ಜತೆಗೆ, ಮಾಸ್ಕ್ ಹಾಕಿದವನು ಹೇಡಿ ಅನ್ನೋ ಮಾತು ಬೇರೆ.

ಹಾಗಾದ್ರೆ ಮಧ್ಯದ ಇಪ್ಪತ್ತೊಂಬತ್ತು ವರ್ಷ ಯಾರೂ ಯಾಕೆ ಗಟ್ಟಿಯಾಗಿ ಕೇಳಲಿಲ್ಲ? ಇಲ್ಲೇ ಇರೋದು ವಿಷಯ. ಪ್ಲಾಂಟ್ ಕಾಲಕ್ಕೆ ಲೀಗ್‌ನಲ್ಲಿ ಇದ್ದಿದ್ದು ಆರೇ ತಂಡ. ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಅಂದ್ರೆ ಇಡೀ ಲೀಗ್‌ನಲ್ಲಿ ಆರೇ ಕೆಲಸ! ಒಬ್ಬ ಬೇಡ ಅಂದ್ರೆ ಆ ಜಾಗಕ್ಕೆ ಬರೋಕೆ ಹೊರಗೆ ಸಾಲು ನಿಂತಿರುತ್ತಿತ್ತು. ಮೂಗು ಮುರಿದರೂ ಸರಿ, ಕೆಲಸ ಉಳಿಯಬೇಕು.

ಆದ್ರೆ ಆ ರಾತ್ರಿ ಲೆಕ್ಕ ಉಲ್ಟಾ ಆಗಿತ್ತು. ತಂಡದಲ್ಲಿ ಎರಡನೇ ಗೋಲ್‌ಕೀಪರ್ ಇರಲಿಲ್ಲ. ಪ್ಲಾಂಟ್ ಹೊರಗೆ ಕೂತರೆ, ತುರ್ತಿಗೆ ಅಂತ ಎದುರಾಳಿ ಕ್ರೀಡಾಂಗಣದವರು ಕೊಡೋ ಹವ್ಯಾಸಿಯನ್ನು ನಿಲ್ಲಿಸಬೇಕಿತ್ತು. ಬ್ಲೇಕ್ ಒಪ್ಪಿದರು. ಪ್ಲಾಂಟ್ ಮಾಸ್ಕ್ ಹಾಕಿಕೊಂಡು ಇಳಿದರು. ಮಾಂಟ್ರಿಯಲ್ 3-1ರಿಂದ ಗೆದ್ದಿತು.

ಗಾಯ ವಾಸಿಯಾದ ಮೇಲೆ ಬ್ಲೇಕ್ ಮತ್ತೆ ಶುರು ಮಾಡಿದರು, ಮಾಸ್ಕ್ ತೆಗಿ ಅಂತ. 1960ರ ಮಾರ್ಚ್‌ನಲ್ಲಿ ಒಂದು ಪಂದ್ಯಕ್ಕೆ ಪ್ಲಾಂಟ್ ತೆಗೆದರು. ಡೆಟ್ರಾಯ್ಟ್ ಎದುರು 0-3ರಿಂದ ಸೋಲು. ಮಾಸ್ಕ್ ವಾಪಸ್ ಬಂತು. ಆ ವರ್ಷದ ಪ್ಲೇಆಫ್‌ನಲ್ಲಿ ಮಾಂಟ್ರಿಯಲ್ ಆಡಿದ ಎಂಟಕ್ಕೆ ಎಂಟೂ ಪಂದ್ಯ ಗೆದ್ದು, ಸತತ ಐದನೇ ಬಾರಿ ಸ್ಟಾನ್ಲಿ ಕಪ್ ಎತ್ತಿತು. ಕಾಣಲ್ಲ ಅನ್ನೋ ವಾದ ಅಲ್ಲಿಗೆ ಮುಗೀತು. ಆದರೂ ಮಾಸ್ಕ್ ಹಾಕದ ಕೊನೆಯ ಗೋಲ್‌ಕೀಪರ್ ಆಂಡಿ ಬ್ರೌನ್ ಈ ಲೀಗ್‌ನಲ್ಲಿ 1974ರವರೆಗೂ ಆಡಿದರು.

ಗೋಲ್‌ಕೀಪರ್‌ಗಳ ಕಥೆ ಇಷ್ಟಾದರೆ, ಉಳಿದ ಆಟಗಾರರದ್ದು ಇನ್ನೂ ಕಹಿ. 1968ರ ಜನವರಿಯಲ್ಲಿ ಹೆಲ್ಮೆಟ್ ಇಲ್ಲದೆ ಆಡುತ್ತಿದ್ದ ಮಿನ್ನೆಸೋಟಾದ ಬಿಲ್ ಮಾಸ್ಟರ್‌ಟನ್ ಬಿದ್ದು, ತಲೆ ಮಂಜುಗಡ್ಡೆಗೆ ಬಡಿದು ತೀರಿಕೊಂಡರು. ಹೆಲ್ಮೆಟ್ ಕಡ್ಡಾಯವಾಗಿದ್ದು ಯಾವಾಗ? 1979ರಲ್ಲಿ. ಅದೂ ಹೊಸಬರಿಗೆ ಮಾತ್ರ. ಒಂದು ಸಾವಾದ ಮೇಲೂ ಹನ್ನೊಂದು ವರ್ಷ! 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್‌ನ ಶೆಫೀಲ್ಡ್‌ನಲ್ಲಿ ಸ್ಕೇಟ್‌ನ ಅಲಗು ಕತ್ತಿಗೆ ತಗುಲಿ ಆಡಂ ಜಾನ್ಸನ್ ಸತ್ತರು. ಕತ್ತಿನ ಪಟ್ಟಿಯ ನಿಯಮ ಬಿಗಿಯಾಗಿದ್ದು ಅದಾದ ಮೇಲೆ.

ರಕ್ಷಣೆಯ ಸಾಧನ ಮೊದಲೇ ಸಿದ್ಧವಿರುತ್ತೆ, ವೀಕ್ಷಕರೇ. ಪ್ಲಾಂಟ್ ಮಾಸ್ಕ್ ಕೂಡ ಅವತ್ತು ಡ್ರೆಸ್ಸಿಂಗ್ ರೂಮಿನಲ್ಲೇ ಇತ್ತು. ಅದನ್ನು ಹಾಕಿಕೊಂಡೇ ಆಡ್ತೀನಿ ಅನ್ನೋಕೆ ಅವರಿಗೆ ಧೈರ್ಯವಿತ್ತು, ನಿಜ. ಜತೆಗೆ ಅವರ ಜಾಗಕ್ಕೆ ಆ ರಾತ್ರಿ ಇನ್ನೊಬ್ಬ ಇರಲಿಲ್ಲ. ಜಾಗಕ್ಕೆ ಹತ್ತು ಜನ ಕಾದಿರುವ ಕೆಲಸಗಾರ ಇದೇ ಮಾತು ಹೇಳಿದ್ರೆ ಏನಾಗುತ್ತೆ? ಅವನ ಪರವಾಗಿ ಹೇಳೋಕೆ ಅಂತಾನೇ ಕಾನೂನು ಇರಬೇಕು. ಅದು ಸಾವಿಗೆ ಮುಂಚೆ ಬರಬೇಕು.