ಬದುವಿನ ಹೊಂಗೆ

ಕೋಲಾರದಿಂದ ಮುಳಬಾಗಿಲಿನ ಕಡೆಗೆ, ಅಥವಾ ಮಾಲೂರಿನ ಹೊಲಗಳ ನಡುವೆ ಚೈತ್ರದ ಬಿಸಿಲಿನಲ್ಲಿ ನಡೆದು ಹೋಗುವವನಿಗೆ, ಕೆರೆಗಳು ಬತ್ತಿ ಬಂಡೆಗಳು ಕಾದಿರುವ ಆ ಕಾಲದಲ್ಲಿಯೇ, ಎಳೆಯ ಚಿಗುರನ್ನು ಹೊದ್ದು ತಣ್ಣನೆಯ ನೆರಳನ್ನು ಹಾಸಿ ನಿಂತಿರುವ ಹೊಂಗೆಯ ಮರವು ಕಾಣಸಿಗುವುದು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಸೀಮೆಯಲ್ಲಿ, ಯಾರೂ ನೀರೆರೆಯದ ಈ ಮರಕ್ಕೆ ಅಂತಹ ಸಮೃದ್ಧಿಯು ಎಲ್ಲಿಂದ ಬಂದಿತು? ಆಳಕ್ಕಿಳಿದ ತಾಯಿಬೇರು ನೆಲದೊಳಗಿನ ತೇವವನ್ನು ಅರಸಿ ತರುವುದು. ದ್ವಿದಳ ಕುಲಕ್ಕೆ ಸೇರಿದ ಮರವಾದುದರಿಂದ, ಬೇರಿನ ಗಂಟುಗಳಲ್ಲಿ ನೆಲಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನೇ ಅದಕ್ಕೆ ಗೊಬ್ಬರವಾಗಿ ಒದಗಿಸುವುವು.

ಒಣಗಿದ ಹೊಂಗೆಕಾಯನ್ನು ಕಲ್ಲಿನ ಮೇಲಿಟ್ಟು ಕುಟ್ಟಿದರೆ, ಗಡುಸಾದ ಸಿಪ್ಪೆಯು ಒಡೆದು, ಸಾಮಾನ್ಯವಾಗಿ ಒಂದೇ ಒಂದು ಚಪ್ಪಟೆಯಾದ ಕೆಂಗಂದು ಬೀಜವು ಹೊರಬೀಳುವುದು. ಅದನ್ನು ಜಜ್ಜಿ ಹಿಸುಕಿದರೆ ಬೆರಳು ಜಿಡ್ಡಾಗುವುದು. ನಾಲಿಗೆಗೆ ತಾಕಿಸಿದರೆ ಕಹಿ. ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆಯೇ ಇರುವುದಾದರೂ, ಸಾಮಾನ್ಯ ಗಾಣದಲ್ಲಿ ಒಂದು ಲೀಟರು ತೆಗೆಯಲು ನಾಲ್ಕು ಕಿಲೋಗ್ರಾಮಿನಷ್ಟು ಬೀಜ ಬೇಕಾಗುವುದು. ಕರಂಜಿನ್ ಮೊದಲಾದ ಕಹಿದ್ರವ್ಯಗಳು ಈ ಎಣ್ಣೆಯನ್ನು ಅಡುಗೆಮನೆಯಿಂದ ದೂರವಿರಿಸಿ, ಹಣತೆಗೂ ಚರ್ಮರೋಗಗಳ ಮದ್ದಿಗೂ ಮೀಸಲಿಟ್ಟುವು. ಆದರೆ ಇಂದು ಯೋಚಿಸಿ ನೋಡಿದರೆ ಆ ಕಹಿಯೇ ಇದರ ಹಿರಿಮೆ: ಉದ್ಯಮಕ್ಕೆಂದು ಇದನ್ನು ಕೊಂಡೊಯ್ದಾಗ ಯಾರ ಬಾಣಲೆಯ ಎಣ್ಣೆಯೂ ಬರಿದಾಗುವುದಿಲ್ಲ, ಬದುವಿನಲ್ಲಿ ಬೆಳೆಯುವ ಮರವಾದುದರಿಂದ ರಾಗಿಯ ಹೊಲವೂ ಕಿರಿದಾಗುವುದಿಲ್ಲ. ಹಿಂದೆ ಉಳಿದ ಹಿಂಡಿಯಾದರೋ ನೂರಕ್ಕೆ ಸುಮಾರು ನಾಲ್ಕು ಪಾಲು ಸಾರಜನಕವನ್ನು ಹೊತ್ತು ಅದೇ ಹೊಲಕ್ಕೆ ಹಿಂದಿರುಗುವುದು.

ಸಸ್ಯತೈಲವು ಎಂಜಿನನ್ನು ಓಡಿಸಬಲ್ಲುದೆಂಬುದು ಹೊಸ ಮಾತೇನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲ್ ನಿರ್ಮಿಸಿದ ಮಾದರಿಯ ಎಂಜಿನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತು. ಅಂತೆಯೇ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರ ಪ್ರಯತ್ನದಿಂದ ಕಗ್ಗನಹಳ್ಳಿಯೆಂಬ ಊರಿನಲ್ಲಿ ಹೊಂಗೆಯೆಣ್ಣೆಯ ಎಂಜಿನುಗಳು ನೀರೆತ್ತಿದುವು. ಆದರೆ ಸಸ್ಯತೈಲವು ಡೀಸೆಲ್ಲಿಗಿಂತ ಸುಮಾರು ಹತ್ತು ಮಡಿ ಮಂದವಾದುದರಿಂದ ಸೂಕ್ಷ್ಮವಾದ ಎಂಜಿನುಗಳಲ್ಲಿ ಮಸಿಗಟ್ಟುವುದು. ಆದಕಾರಣ ಅದನ್ನು ಮೆಥನಾಲಿನೊಡನೆ, ಕ್ಷಾರವೊಂದರ ಸಾನ್ನಿಧ್ಯದಲ್ಲಿ ಕಾಯಿಸಿದರೆ, ಎಣ್ಣೆಯ ಅಣುವು ಬಿಡಿಯಾಗಿ ಗ್ಲಿಸರಿನ್ ತಳಕ್ಕಿಳಿದು, ತೆಳುವಾದ ಜೈವಿಕ ಡೀಸೆಲ್ ಮೇಲೆ ನಿಲ್ಲುವುದು.

ಹೊಂಗೆಯ ನೆರೆಯವರೂ ಕಡಮೆಯವರಲ್ಲ. ಹರಳೆಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮೀರಿ ರಿಸಿನೊಲೀಕ್ ಆಮ್ಲವಿದ್ದು, ಅದರಿಂದ ಯಂತ್ರಗಳಿಗೆ ಹಾಕುವ ಎಣ್ಣೆಯೂ ಒಂದು ಬಗೆಯ ನೈಲಾನೂ ಸಿದ್ಧವಾಗುವುವು; ಹಿಪ್ಪೆಯ ಗಟ್ಟಿಯೆಣ್ಣೆಯು ಸಾಬೂನಿಗೆ, ಬೇವಿನದು ಕೀಟನಿವಾರಣೆಗೆ ಒದಗುವುದು.

ಇಷ್ಟಾದರೂ ಕಾಡಿನ ಗಿಡವು ಗುಣಗಾನದಿಂದಲೇ ಬೆಳೆಯಾಗುವುದಿಲ್ಲ. ಬಂಜರಿನಲ್ಲಿಯೂ ಹೊನ್ನು ಸುರಿಸುವುದೆಂದು ನಂಬಿ ದೇಶಾದ್ಯಂತ ನೆಟ್ಟ ಜತ್ರೋಫವೆಂಬ ಎಣ್ಣೆಬೀಜದ ಗಿಡವು, ನೀರು ಗೊಬ್ಬರಗಳಿಲ್ಲದೆಡೆಯಲ್ಲಿ ಸಾಕಷ್ಟು ಫಸಲನ್ನು ಕೊಡದೆ ರೈತರನ್ನು ನಿರಾಶೆಗೊಳಿಸಿತು. ಕರ್ನಾಟಕವು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತಾದರೂ, ನೀತಿಯೊಂದೇ ಸಾಲದು. ಬೀಜದಿಂದ ಹುಟ್ಟಿದ ಹೊಂಗೆಗಳು ಒಂದರಂತೆ ಮತ್ತೊಂದು ಇರುವುದಿಲ್ಲ. ಒಂದು ಮರ ಮೈತುಂಬ ಕಾಯಿ ಹೊತ್ತಿದ್ದರೆ ಪಕ್ಕದ ಮರದ ತುಂಬ ಬರಿಯ ಎಲೆ.

ಈ ಸಮಸ್ಯೆಗೆ ಉತ್ತರವು ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿದೆ. ಒಳ್ಳೆಯ ಮರದ ಕಡ್ಡಿಯನ್ನು ನಾಟಿಗಿಡಕ್ಕೆ ಕಸಿಕಟ್ಟಿ, ಬಾದಾಮಿಯನ್ನೋ ತೋತಾಪುರಿಯನ್ನೋ ತಪ್ಪದೆ ಪಡೆಯುವ ಜಾಣ್ಮೆಯು ಇಲ್ಲಿಯ ರೈತರಿಗೆ ಕರಗತವಾದುದು. ತನ್ನ ಬದುವಿನ ಯಾವ ಹೊಂಗೆ ವರ್ಷ ವರ್ಷವೂ ತಪ್ಪದೆ ಕಾಯಿ ಬಿಡುವುದೆಂಬುದನ್ನು ಬಲ್ಲವನೂ ಅದೇ ರೈತನೇ. ಅವನು ಆ ಮರವನ್ನು ತೋರಿಸಲಿ, ಪ್ರಯೋಗಶಾಲೆಯು ಅದರ ಎಣ್ಣೆಯನ್ನು ಅಳೆಯಲಿ, ಬಳಿಕ ಮಾವಿಗೆ ಹಿಡಿದ ಕಸಿಚಾಕನ್ನು ಹೊಂಗೆಗೂ ಹಿಡಿಯಲಿ. ಬರಗಾಲದಲ್ಲಿಯೂ ಹಸಿರಾಗಿ ನಿಲ್ಲುವ ಈ ಮರವು ಆಗಲೇ ಬೆಳೆಯೆಂಬ ಹೆಸರಿಗೆ ಅರ್ಹವಾಗುವುದು.