ಕ್ಯಾಮೆರಾ ಹೊರುವ ಕೊರಳಿನ ಆರೈಕೆ

ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಬರಿಗಾಲಲ್ಲಿ ಹತ್ತಬೇಕು. ದೊಡ್ಡ ಲೆನ್ಸ್ ಸೇರಿ 2 ಕಿಲೋ ತೂಗುವ ಕ್ಯಾಮೆರಾ ಕೊರಳಲ್ಲಿ ನೇತಾಡುತ್ತಿದ್ದರೆ ಕತ್ತು ಮುಂದಕ್ಕೆ ಬಾಗುತ್ತದೆ. ಬಾಗಿದಷ್ಟೂ ಹಿಂಬದಿಯ ಸ್ನಾಯುಗಳಿಗೆ ಶ್ರಮ ಹೆಚ್ಚು. ರಾತ್ರಿ ಕತ್ತು, ಭುಜ ಹಿಡಿದುಕೊಳ್ಳುವುದು ಇದರಿಂದಲೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮದುವೆಮನೆಗಳಲ್ಲಿ ದಿನವಿಡೀ ನಿಂತು ಚಿತ್ರ ತೆಗೆಯುವವರಿಗೂ ಈ ಮಾತು ಅನ್ವಯಿಸುತ್ತದೆ.

ಮೊದಲು ಹೊರೆ ಇಳಿಸಿ. ದೊಡ್ಡಗದ್ದವಳ್ಳಿಯಂಥ ಗುಡಿಗಳ ಮಬ್ಬು ಬೆಳಕಿಗೆ 50 ಮಿ.ಮೀ.ನ ಪುಟ್ಟ ಲೆನ್ಸ್ ಸಾಕು. ಅದರ ತೂಕ ಸುಮಾರು 200 ಗ್ರಾಂ. ಮೂರು ಕಾಲಿನ ಸ್ಟ್ಯಾಂಡಿಗಿಂತ ಒಂಟಿ ಕಾಲಿನದು ಹಗುರ. ಆದರೆ ಅದನ್ನೇ ಊರುಗೋಲು ಮಾಡಿಕೊಂಡು ಮೈಭಾರ ಬಿಡಬೇಡಿ.

ಎರಡೂ ಭುಜಕ್ಕೆ ಪಟ್ಟಿ, ಸೊಂಟಕ್ಕೆ ಬೆಲ್ಟ್ ಇರುವ ಚೀಲ ಕೊಳ್ಳಿ. ಬೆಲ್ಟ್ ಬಿಗಿದರೆ ಭಾರದ ಬಹುಪಾಲು ಸೊಂಟಕ್ಕೆ ಇಳಿಯುತ್ತದೆ. ಭಾರದ ವಸ್ತು ಬೆನ್ನಿಗೆ ಒತ್ತಿಕೊಂಡಂತಿರಲಿ. ಒಟ್ಟು ಹೊರೆ ನಿಮ್ಮ ತೂಕದ ಹತ್ತನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದು. ಕೈಯಲ್ಲಿ ಕ್ಯಾಮೆರಾ ಬೇಕೇ ಬೇಕೆಂದರೆ, ಅಗಲವಾದ ಮೆತ್ತನೆಯ ಪಟ್ಟಿಯನ್ನು ಜನಿವಾರದಂತೆ ಅಡ್ಡಲಾಗಿ ಹಾಕಿ, ಆಗಾಗ ಭುಜ ಬದಲಿಸಿ. ನೀರಿನ ಬಾಟಲಿಯನ್ನು ಮಾತ್ರ ಬಿಟ್ಟು ಹೋಗಬೇಡಿ.

ಸಾಮಾನ್ಯ ನೋವು ವಿಶ್ರಾಂತಿ, ಬಿಸಿ ಶಾಖದಿಂದ ಕಡಿಮೆಯಾಗುತ್ತದೆ. ಬೆರಳುಗಳು ಜೋಮು ಹಿಡಿದರೆ, ಕೈಯ ಹಿಡಿತ ಸಡಿಲವಾದರೆ ವೈದ್ಯರಿಗೆ ತೋರಿಸಿ. ಹತ್ತುವಾಗ ಎದೆ ಬಿಗಿದು, ನೋವು ಎಡಗೈಗೋ ದವಡೆಗೋ ಹರಿದರೆ ಚೀಲದ ಭಾರವೆಂದು ಸುಮ್ಮನಾಗಬೇಡಿ. ಅಲ್ಲೇ ಕುಳಿತು, ತಡಮಾಡದೆ ನೆರವು ಕರೆಯಿರಿ. ಅದು ಹೃದಯದ ಕರೆಯಾಗಿರಬಹುದು.