ಜೋಡಿ ಚಕ್ರಕ್ಕೆ ಒಂದೇ ಹೊಸ ಟೈರ್ ಸಾಕೇ?

ಪ್ರಶ್ನೆ: ಬಂಗಾರಪೇಟೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವ ಟಾಟಾ 407 ನಮ್ಮದು. ಹಿಂದಿನ ಜೋಡಿಯಲ್ಲಿ ಒಂದು ಟೈರ್ ಮಾತ್ರ ಸವೆದಿದೆ. ಅದೊಂದನ್ನೇ ಬದಲಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಒಂದೇ ಬದಿಯ ಎರಡು ಟೈರುಗಳು ಒಟ್ಟಿಗೇ ತಿರುಗುತ್ತವೆ. ಹೊಸದರ ಸುತ್ತಳತೆ ಹೆಚ್ಚಿದ್ದರೆ ಹೆಚ್ಚಿನ ಭಾರ ಅದರ ಮೇಲೆ ಬಿದ್ದು ಕಾಯುತ್ತದೆ. ಹಳೆಯದು ನೆಲಕ್ಕೆ ಉಜ್ಜಿಕೊಂಡು ಇನ್ನಷ್ಟು ಬೇಗ ಸವೆಯುತ್ತದೆ. ಎರಡನ್ನೂ ಹೊಸದಾಗಿ ಹಾಕಿಸಿ, ಇಲ್ಲವೇ ಅಷ್ಟೇ ಸವೆದ ಜೊತೆ ಹುಡುಕಿ. ಸೈಜು ಒಂದೇ ಆಗಿದ್ದರೂ ರೇಡಿಯಲ್ ಪಕ್ಕದಲ್ಲಿ ನೈಲಾನ್ ಟೈರ್ ಸಲ್ಲದು.

ಕೊಳ್ಳುವಾಗ ಟೈರಿನ ಪಕ್ಕದ ಬರಹ ಓದಿ. 7.50 ಆರ್ 16 ಟೈರಿನ ಮೇಲೆ 122/121 ಎಂದಿದ್ದರೆ, ಒಂಟಿಯಾಗಿ 1500 ಕಿಲೊ, ಜೋಡಿಯಲ್ಲಿ ತಲಾ 1450 ಕಿಲೊ ಹೊರಬಲ್ಲದು ಎಂದರ್ಥ. ಜೋಡಿಯಲ್ಲಿ ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲವೆಂದೇ ಈ ಕಡಿತ. ಡಾಂಬರು ರಸ್ತೆಯ ಓಟವೇ ಹೆಚ್ಚಿದ್ದರೆ ಉದ್ದಗೆರೆಯ ರಿಬ್ ಟೈರ್ ಒಳ್ಳೆಯದು. ಹೊಲದ ಕೆಸರು, ಕೆಜಿಎಫ್ ಸುತ್ತಲಿನ ಜಲ್ಲಿ ದಾರಿಗಳಲ್ಲೇ ದುಡಿಮೆಯಾದರೆ ಹಿಂದಕ್ಕೆ ದಪ್ಪ ಹಲ್ಲಿನ ಲಗ್ ಹಾಕಿಸಿ.

ನನಗೆ ನಿಜವಾಗಿ ಆತಂಕ ತರುವುದು ಒಳಗಿನ ಟೈರ್. ಅದು ಪಂಕ್ಚರ್ ಆದರೂ ಗಾಡಿ ವಾಲುವುದಿಲ್ಲ, ಡ್ರೈವರಿಗೆ ತಿಳಿಯುವುದೂ ಇಲ್ಲ. ಹೊರಗಿನದು ಎರಡರ ಹೊರೆ ಹೊತ್ತು ಬೇಸಿಗೆಯಲ್ಲಿ ಸಿಡಿಯಬಹುದು. ಲೋಡು ತುಂಬುವ ಮೊದಲು, ಟೈರ್ ತಣ್ಣಗಿರುವಾಗಲೇ ಒಳಗಿನದಕ್ಕೂ ಗೇಜು ಹಿಡಿದು ಗಾಳಿ ನೋಡಿ. ಎರಡರ ನಡುವೆ ಸಿಕ್ಕ ಕಲ್ಲನ್ನು ತೆಗೆದೇ ಹೊರಡಿ.